ಹಗ್ಗ ನೋಡಿ ಅನುವಾದ ಮಾಡಿ

ಫ್ರಾನ್ಸಿನ ಮಂಜಿನ ಗೋಡೆ ಹತ್ತುತ್ತಿರುವವನು ಕೆಳಗಿರುವ ಜೊತೆಗಾರನಿಗೆ 'ಸೆಕ್!' ಅಂತ ಕೂಗುತ್ತಾನೆ. ಡಿಕ್ಷನರಿ ತೆಗೆದರೆ ಅದರ ಅರ್ಥ 'ಒಣ'. ಸ್ವಲ್ಪ ಹೊತ್ತಿಗೆ 'ಮೂ!' ಅನ್ನುತ್ತಾನೆ. ಅಂದ್ರೆ 'ಮೆತ್ತಗೆ'. ಆಮೇಲೆ 'ಅವಾಲ್!', ಅಂದ್ರೆ 'ನುಂಗು'. ಕೆಳಗಿನವನ ಕೈಯಲ್ಲಿ ಹಗ್ಗ ಇದೆ ಅಂತ ಗೊತ್ತಾದ ಮೇಲಷ್ಟೇ ಇದು ಅರ್ಥವಾಗೋದು: ಬಿಗಿ ಹಿಡಿ, ಸಡಿಲ ಬಿಡು, ಜೋತುಬಿದ್ದ ಹಗ್ಗ ಎಳಕೋ. ಇಂಗ್ಲಿಷಿನವರು 'ಸೆಕ್' ಅನ್ನೋ ಜಾಗದಲ್ಲಿ 'ಟೇಕ್' ಅಂತಾರೆ, 'ಮೂ' ಅನ್ನೋ ಜಾಗದಲ್ಲಿ 'ಸ್ಲ್ಯಾಕ್'. 'ಡ್ರೈ' ಅಂತ ಅನುವಾದ ಮಾಡೋ ಪಂಡಿತ ಕೆಳಗೆ ಹಗ್ಗ ಹಿಡಿದು ನಿಂತಿದ್ದರೆ ಮೇಲಿನವನ ಗತಿ ಯೋಚಿಸಿ.

ಐಸ್ ಕ್ಲೈಂಬಿಂಗ್ ನನಗೆ ಪುಸ್ತಕದಲ್ಲಿ ಮಾತ್ರ ಗೊತ್ತು. ಆದರೂ ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದ ಬಗೆ ನೋಡಿದರೆ ಇಂಥ ಅನುವಾದಕ್ಕೆ ಇರೋದು ಒಂದೇ ಪರೀಕ್ಷೆ ಅನ್ನಿಸುತ್ತೆ. ಪದ ಕಿವಿಗೆ ಬಿದ್ದ ಕೂಡಲೇ ಕೈಕಾಲಿಗೆ ತಮ್ಮ ಕೆಲಸ ಗೊತ್ತಾಗಬೇಕು.

ಮೂಲದ ಪದಗಳಿಗೆ ಈ ಗುಣ ಬಂದಿದ್ದು ಹಳ್ಳಿಯಿಂದ. ಹಿಮನದಿ ಒಡೆದು ಎದ್ದು ನಿಲ್ಲುವ ಮಂಜಿನ ದೊಡ್ಡ ಗಡ್ಡೆಗೆ 'ಸೆರಾಕ್' ಅನ್ನುತ್ತಾರೆ. ಅದು ಆಲ್ಪ್ಸ್ ಹಳ್ಳಿಗಳ ಒಂದು ಬಿಳಿ ಚೀಸಿನ ಹೆಸರು. ಗಿಣ್ಣು ಕತ್ತರಿಸಿ ತಟ್ಟೆಗೆ ಹಾಕಿದ್ದನ್ನು ಕಂಡವರಿಗೆ ಆ ಹೋಲಿಕೆ ತಕ್ಷಣ ಹೊಳೆಯುತ್ತೆ. ಮೇಲೆ ತಲುಪಿ ಗೋಡೆಗೆ ತನ್ನನ್ನು ಕಟ್ಟಿಕೊಂಡವನು 'ವಾಶೆ!' ಅಂತ ಕೂಗುತ್ತಾನೆ. 'ವಾಶ್' ಅಂದ್ರೆ ಹಸು. ನಮ್ಮೂರ ಮಾತಲ್ಲಿ ಹೇಳೋದಾದ್ರೆ 'ಕಣ್ಣಿ ಕಟ್ಕೊಂಡೆ'! ಬ್ರಿಟನ್ನಿನವರು ಆ ಹೊತ್ತಿಗೆ 'ಸೇಫ್' ಅಂತ ಕೂಗುತ್ತಾರೆ. ಹಸು ಹೋಯ್ತು, ಆದರೆ ಕೆಲಸ ಕೆಡಲಿಲ್ಲ. ನನ್ನ ಲೆಕ್ಕದಲ್ಲಿ ಇದು ಪಾಸು.

ಐಸ್ ಕೊಡಲಿಗೆ ಫ್ರೆಂಚಿನಲ್ಲಿ 'ಪಿಯೋಲೆ'. ಅದನ್ನು ಹಿಡಿಯುವ ಒಂದೊಂದು ರೀತಿಗೂ ಒಂದೊಂದು ಹೆಸರಿದೆ. ಪ್ಯಾಟಗೋನಿಯಾ ಕಂಪನಿ ಕಟ್ಟಿದ ಯವೊನ್ ಶ್ವಿನಾರ್ಡ್ 1978ರಲ್ಲಿ ಬರೆದ 'ಕ್ಲೈಂಬಿಂಗ್ ಐಸ್' ಈ ಫ್ರೆಂಚ್ ಹೆಸರುಗಳನ್ನೇ ಬಳಸಿತು. ಸಿಯಾಟಲ್‌ನ 'ದಿ ಮೌಂಟೇನಿಯರ್ಸ್' ಸಂಘ 1960ರಿಂದ ಪರಿಷ್ಕರಿಸುತ್ತಾ ಬಂದಿರುವ 'ದಿ ಫ್ರೀಡಂ ಆಫ್ ದಿ ಹಿಲ್ಸ್' ಫ್ರೆಂಚಿನ ಪಕ್ಕದಲ್ಲಿ ಇಂಗ್ಲಿಷ್ ಹೆಸರನ್ನೂ ಇಟ್ಟಿತು. ಈ ಎರಡನೇ ದಾರಿಯೇ ಸರಿ ಅಂತ ನನ್ನ ವಾದ.

ಉದಾಹರಣೆಗೆ 'ಪಿಯೋಲೆ ಪಾನ್'. 'ಪಾನ್' ಅಂದ್ರೆ ಕೊಡಲಿ ತಲೆಯ ಅಗಲ ಬಾಯಿ. ಆದರೆ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತರೂ ಫ್ರೆಂಚರು 'ಪಾನ್' ಅಂತಾರೆ. ಡಿಕ್ಷನರಿ ನಂಬಿದವನಿಗೆ ಸಿಗೋದು 'ಕೆಟ್ಟುನಿಂತ ಕೊಡಲಿ'. ಸಿಯಾಟಲ್‌ನವರು ಕೊಟ್ಟ ಹೆಸರು 'ಲೋ ಡ್ಯಾಗರ್': ಕೊಡಲಿಯ ತಲೆ ಹಿಡಿದು, ಸೊಂಟದ ಮಟ್ಟದಲ್ಲಿ, ಚೂರಿಯ ಹಾಗೆ ಮೊನೆ ಚುಚ್ಚು. ಭಾಗದ ಹೆಸರು ಬಿಟ್ಟು ಕ್ರಿಯೆಯನ್ನು ಹಿಡಿದರು. ಕಾಲು ಅಗಲಿಸಿ ನಡೆಯೋ 'ಕನಾರ್' 'ಡಕ್ ವಾಕ್' ಆಯಿತು. ಬಾತುಕೋಳಿ ನೋಡಿದ ಮಗುವಿಗೂ ಗೊತ್ತಾಗೋ ಪಾಠ.

ಸಾಫ್ಟ್‌ವೇರಿನಲ್ಲಿರೋ ನಮಗೆ ಇದರ ಬೆಲೆ ಗೊತ್ತಿರಬೇಕು. ಅನುವಾದಕರಿಗೆ ಎಕ್ಸೆಲ್ ಶೀಟ್ ಮಾತ್ರ ಕಳಿಸ್ತೀವಿ, ಸ್ಕ್ರೀನ್ ತೋರಿಸಲ್ಲ. ಆಮೇಲೆ ಆ್ಯಪಿನ ಹೋಮ್ ಬಟನ್ ಮೇಲೆ 'ಮನೆ' ಅಂತ ಬಂದರೆ ಕನ್ನಡವನ್ನೇ ಬೈತೀವಿ. ಅಲ್ಲಿ ಸೋತಿದ್ದು ಕನ್ನಡ ಅಲ್ಲ, ಬಟನ್ ನೋಡದೆ ಮಾಡಿದ ಅನುವಾದ.

ಇಂಗ್ಲಿಷೂ ಕೆಲವು ಕಡೆ ಹೀಗೇ ಸೋತಿದೆ. ಎರಡು ಕೊಡಲಿಗಳನ್ನು ತಲೆ ಮೇಲೆ ಹೊಡೆದು ಮೈಯನ್ನು ಎಳೆದುಕೊಳ್ಳೋದು 'ಪಿಯೋಲೆ ತ್ರಾಕ್ಸಿಯೋಂ'. ಫ್ರೆಂಚ್ ಜಿಮ್ಮಿನಲ್ಲಿ ಪುಲ್-ಅಪ್ಪಿಗೂ ಇದೇ ಪದ. ಇಂಗ್ಲಿಷ್ ಅದನ್ನು 'ಟ್ರ್ಯಾಕ್ಷನ್' ಅಂತಲೇ ಉಳಿಸಿಕೊಂಡಿತು. ಆ ಪದ ಕೇಳಿದರೆ ಟೈರೋ ಆಸ್ಪತ್ರೆ ಹಾಸಿಗೆಯೋ ನೆನಪಾಗುತ್ತೆ, ತೋಳಿಗೆ ಏನೂ ಹೇಳಲ್ಲ. ಅಕ್ಷರ ಒಂದೇ ಆದ ಮಾತ್ರಕ್ಕೆ ಅರ್ಥ ದಾಟಲ್ಲ.

ನನಗೆ ಹೆಚ್ಚು ತಕರಾರಿರೋದು ದಾರಿಗಳ ಗ್ರೇಡ್ ಬಗ್ಗೆ. ಆಲ್ಪ್ಸ್ ದಾರಿಗಳ ಕಷ್ಟವನ್ನು 'ಎಫ್', 'ಪಿಡಿ', 'ಎಡಿ', 'ಡಿ' ಅಂತ ಫ್ರೆಂಚ್ ಪದಗಳ ಮೊದಲಕ್ಷರದಲ್ಲೇ ಇಂಗ್ಲಿಷ್ ಗೈಡುಗಳೂ ಬರೆಯುತ್ತವೆ. 'ಪಿಡಿ' ಅಂದ್ರೆ 'ಪ್ಯೂ ದಿಫಿಸೀಲ್', 'ಅಷ್ಟೇನೂ ಕಷ್ಟವಲ್ಲ'. ಇಂಗ್ಲಿಷಿನಲ್ಲಿ ಕೆಲವರು ಇದನ್ನು 'ಸ್ವಲ್ಪ ಕಷ್ಟ' ಅಂತ ವಿವರಿಸುತ್ತಾರೆ. ಎರಡೂ ಒಂದೇ ಅಲ್ಲ. ಮೊದಲನೆಯದು ಧೈರ್ಯ ಹೇಳುತ್ತೆ, ಎರಡನೆಯದು ಹುಷಾರು ಅನ್ನುತ್ತೆ. ಇನ್ನು 'ಯಾರಿಗೆ ಕಷ್ಟವಲ್ಲ' ಅನ್ನೋದನ್ನು ಎರಡೂ ಹೇಳಲ್ಲ. ಈ ಅಳತೆ ಹುಟ್ಟಿದ್ದೇ ಪಳಗಿದ ಪರ್ವತಾರೋಹಿಗಳ ನಡುವೆ. ಮೋಂ ಬ್ಲಾಂಕ್‌ನ ಗೂತೆ ದಾರಿಯ ಗ್ರೇಡೂ 'ಪಿಡಿ'ಯೇ. ಆ ದಾರಿಯಲ್ಲಿ ಒಂದು 'ಕುಲ್ವಾರ್' ದಾಟಬೇಕು. ಪ್ಯಾರಿಸ್ಸಿನ ಆಫೀಸಿನಲ್ಲಿ ಕುಲ್ವಾರ್ ಅಂದ್ರೆ ಬರೀ ಕಾರಿಡಾರ್. ಇಲ್ಲಿ ಅದು ಮೇಲಿಂದ ಕಲ್ಲು ಉರುಳಿ ಬರುವ ಕೊರಕಲು, ಜನ ಸತ್ತಿರುವ ಜಾಗ.

ಎರಡಕ್ಷರ ಉಳಿಸಿಕೊಳ್ಳೋದು ಸುಲಭ, ನೋಡೋಕೆ ಸ್ಟೈಲ್ ಕೂಡ. ಆದರೆ ಅದನ್ನು ಓದಿ ಹೊರಡುವವನಿಗೆ ಎರಡಕ್ಷರ ಸಾಲದು. ಹಸುವನ್ನು ಬಿಟ್ಟುಕೊಟ್ಟರೂ ನಡೆಯುತ್ತೆ. ಕಲ್ಲು ಬೀಳುತ್ತೆ ಅನ್ನೋದನ್ನು ಮಾತ್ರ ಪೂರಾ ವಾಕ್ಯದಲ್ಲಿ ಹೇಳಬೇಕು, ಓದುವವನ ಭಾಷೆಯಲ್ಲೇ ಹೇಳಬೇಕು.