ಮತದಾನವು ದಾನವೆ?

ಐದನೆಯ ತರಗತಿಯ ಮಕ್ಕಳಿಗೆ ‘ದಾನ’ ಎಂದು ಕೊನೆಗೊಳ್ಳುವ ಐದು ಶಬ್ದಗಳನ್ನು ಬರೆಯಿರೆಂದು ನಾವು ಒಮ್ಮೆ ಹೇಳಿದ್ದೆವು. ಅನ್ನದಾನ, ಗೋದಾನ, ಭೂದಾನ, ವಿದ್ಯಾದಾನಗಳ ಸಾಲಿನಲ್ಲಿ ಒಬ್ಬ ಹುಡುಗಿಯು ಮತದಾನವನ್ನೂ ಸೇರಿಸಿದ್ದಳು. ವ್ಯಾಕರಣದ ದೃಷ್ಟಿಯಿಂದ ಉತ್ತರವು ನಿರ್ದುಷ್ಟವಾಗಿದ್ದಿತು, ಅಂಕವನ್ನೂ ಕೊಟ್ಟೆವು. ಆದರೆ ಅಂದಿನಿಂದ ಆ ಶಬ್ದವು ನಮ್ಮನ್ನು ಬಿಟ್ಟಿಲ್ಲ. ಕವನಕ್ಕೂ ಕಾದಂಬರಿಗೂ ವಿಮರ್ಶೆಯುಂಟು. ದಿನಬಳಕೆಯ ಶಬ್ದಕ್ಕೆ ಅದು ಸಲ್ಲದೆಂದು ಯಾರೂ ವಿಧಿಸಿಲ್ಲವಾದುದರಿಂದ, ಈ ಒಂದು ಶಬ್ದವನ್ನು ವಾಚಕರೊಡನೆ ಕುಳಿತು ಪರೀಕ್ಷಿಸುವ ಸಾಹಸಕ್ಕೆ ಕೈಹಾಕಿದ್ದೇವೆ.

ದಾನವೆಂದರೇನು? ತನ್ನದಾದುದನ್ನು ತನ್ನಿಚ್ಛೆಯಿಂದ ಇನ್ನೊಬ್ಬರಿಗೆ ಒಪ್ಪಿಸಿ, ಅದರ ಮೇಲಿನ ಒಡೆತನವನ್ನು ಬಿಟ್ಟುಕೊಡುವುದು. ಕೊಟ್ಟ ದಾನದ ಲೆಕ್ಕ ಕೇಳುವುದು ನಮ್ಮಲ್ಲಿ ಸಣ್ಣತನವೆನಿಸುತ್ತದೆ. ಹಾಗಾದರೆ, ಮತವನ್ನು ಪಡೆದವನಿಂದ ಐದು ವರ್ಷಕ್ಕೊಮ್ಮೆಯಾದರೂ ಲೆಕ್ಕ ಕೇಳಬೇಕಾದ ಪ್ರಜೆಯ ಬಾಯನ್ನು ಈ ಶಬ್ದವು ಮೊದಲೇ ಕಟ್ಟಿಹಾಕಿದಂತಾಯಿತಲ್ಲ! ಇದಕ್ಕೆ ನಮ್ಮ ಸಹೋದ್ಯೋಗಿಗಳೊಬ್ಬರು ಕೊಟ್ಟ ಉತ್ತರವು ಹೀಗಿದೆ: ಏನೂ ಇಲ್ಲದ ಕೂಲಿಕಾರನನ್ನು ಒಂದು ದಿನದ ಮಟ್ಟಿಗಾದರೂ ಈ ಶಬ್ದವು ದಾನಿಯನ್ನಾಗಿ ಮಾಡುತ್ತದೆ; ಅಪಾತ್ರದಾನ ಕೂಡದೆಂಬ ಎಚ್ಚರಿಕೆಯೂ ಅದರಲ್ಲಿ ಅಡಗಿದೆ. ಈ ವಾದವನ್ನು ನಾವು ತಳ್ಳಿಹಾಕಲಾರೆವು. ಆದರೂ ಒಂದು ದಿನದ ದಾನಿಯ ಪಟ್ಟಕ್ಕಿಂತ ಎಲ್ಲ ದಿನಗಳ ಹಕ್ಕು ದೊಡ್ಡದೆಂದೇ ನಮ್ಮ ಎಣಿಕೆ.

ಸೆಟ್ಟೂರಿನಂತಹ ಗಡಿಯ ಊರಿನಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ತೆಲುಗಿನವರ ಕಿವಿಗೆ ‘ಮತ’ವೆಂದರೆ ಧರ್ಮವೇ. ಅವರು ‘ಓಟು ಹಕ್ಕು’ ಎನ್ನುತ್ತಾರೆ. ಪಂಡಿತರಿಗೆ ರುಚಿಸದ ಆ ಜೋಡಿಯಲ್ಲಿ ನಮ್ಮ ಶುದ್ಧಶಬ್ದದಲ್ಲಿಲ್ಲದ ಸತ್ಯವೊಂದಿದೆ. ‘ಹಕ್ಕು’ ಅರಬ್ಬೀ ಮೂಲದ್ದಾದರೂ ಹೊಲದ ಬದುವಿನ ಜಗಳ ಕಂಡ ಯಾವ ರೈತನಿಗೂ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಮತ’ಕ್ಕೆ ಧರ್ಮವೆಂಬ ಅರ್ಥವಿರುವುದು ಕೇವಲ ಕೋಶದ ಸಂಗತಿಯಲ್ಲ. 1909ರ ಶಾಸನವು ಮುಸಲ್ಮಾನರಿಗೆ ಪ್ರತ್ಯೇಕ ಮತದಾರಗಣವನ್ನು ಕಲ್ಪಿಸಿತು; 1935ರ ಶಾಸನದಲ್ಲಿ ಅಂತಹ ಬೇಲಿಗಳು ಇನ್ನೂ ಹೆಚ್ಚಿದವು. ಒಬ್ಬನ ಮತವು ಅವನ ಮತದೊಳಗೇ ಸುತ್ತಬೇಕಾದ ಕಾಲವದು. 1950ರ ಸಂವಿಧಾನದ 325ನೆಯ ಅನುಚ್ಛೇದವು ಧರ್ಮ, ಜನಾಂಗ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಮತದಾರರ ಪಟ್ಟಿಯಿಂದ ಹೊರಗಿಡಕೂಡದೆಂದು ವಿಧಿಸಿತು. ಆದರೆ ಅದು ಹೇಳಿದುದು ಸಂಸತ್ತು ಮತ್ತು ಶಾಸನಸಭೆಗಳ ಮಾತನ್ನು. ಪುರಸಭೆಗಳ ಗತಿಯೇನು? ಉತ್ತರಪ್ರದೇಶದ ಪುರಸಭೆಯೊಂದರಲ್ಲಿ ಹಳೆಯ ಪ್ರತ್ಯೇಕ ಪಟ್ಟಿಗಳ ಆಧಾರದ ಮೇಲೆ ಚುನಾವಣೆ ನಡೆದಾಗ, 1953ರಲ್ಲಿ ನೈನ್‌ಸುಖ್ ದಾಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಭೇದಭಾವ ಕೂಡದೆಂಬ 15ನೆಯ ಅನುಚ್ಛೇದವು ರಾಜಕೀಯ ಹಕ್ಕುಗಳಿಗೂ ಅನ್ವಯಿಸುವುದೆಂದು ಸಾರಿತು. ಅರ್ಜಿದಾರರಿಗೆ ಪರಿಹಾರ ದೊರೆಯಲಿಲ್ಲ. ತತ್ತ್ವ ಮಾತ್ರ ಉಳಿಯಿತು. ಕೆಲವು ತೀರ್ಪುಗಳ ಹಣೆಬರಹವೇ ಅಂತಹದು.

ಇನ್ನು ನಮಗೆ ಬಹಳ ಕಾಡುವ ಮಾತಿಗೆ ಬರೋಣ. 1952ರ ಜನವರಿಯಲ್ಲಿ, ಮೊದಲ ಮಹಾಚುನಾವಣೆಯು ನಡೆಯುತ್ತಿದ್ದಾಗಲೇ, ಮದ್ರಾಸ್ ರಾಜ್ಯದ ನಾಮಕ್ಕಲ್ಲಿನ ಪೊನ್ನುಸ್ವಾಮಿಯವರ ಮೊಕದ್ದಮೆಯು ತೀರ್ಮಾನವಾಯಿತು. ನಾಮಪತ್ರವು ತಿರಸ್ಕೃತವಾದವರು ಚುನಾವಣೆಯ ನಡುವೆಯೇ ನ್ಯಾಯಾಲಯಕ್ಕೆ ಬರಬಹುದೆ ಎಂಬುದು ಅಲ್ಲಿನ ಪ್ರಶ್ನೆ, ಬರಲಾಗದೆಂಬುದು ಉತ್ತರ. ಅಷ್ಟು ಸರಿಯೇ, ಇಲ್ಲವಾದರೆ ಚುನಾವಣೆ ಮುಗಿಯುವ ಬಗೆಯೆಂತು? ಆದರೆ ಮತ ನೀಡುವ ಹಕ್ಕು ಶಾಸನದ ಸೃಷ್ಟಿ ಮಾತ್ರವೆಂಬ ಮಾತೂ ಅಲ್ಲಿ ಬಂದಿತು. ಪ್ರಶ್ನೆಗಿಂತ ದೊಡ್ಡದಾದ ಆ ಮಾತನ್ನು ಮುಂದಿನ ತೀರ್ಪುಗಳು ಸಂದರ್ಭದಿಂದ ಬಿಡಿಸಿ ಎತ್ತಿಕೊಂಡವು: 1982ರಲ್ಲಿ ಜ್ಯೋತಿ ಬಸು ಮೊಕದ್ದಮೆ, 2006ರಲ್ಲಿ ಕುಲದೀಪ್ ನಯ್ಯರ್ ಮೊಕದ್ದಮೆ. ನಡುವೆ, 2003ರಲ್ಲಿ ನ್ಯಾಯಮೂರ್ತಿ ವೆಂಕಟರಾಮ ರೆಡ್ಡಿಯವರು ಅದು ಮೂಲಭೂತ ಹಕ್ಕಲ್ಲದಿದ್ದರೂ ಸಾಂವಿಧಾನಿಕ ಹಕ್ಕೆಂದರು. 2023ರಲ್ಲಿ ನ್ಯಾಯಮೂರ್ತಿ ಅಜಯ್ ರಸ್ತೋಗಿಯವರು ಬೇರೆಯಾಗಿ ಬರೆದ ಅಭಿಪ್ರಾಯದಲ್ಲಿ ಮೂಲಭೂತವೆಂದೇ ಬಗೆದರು. 326ನೆಯ ಅನುಚ್ಛೇದವು ವಯಸ್ಕ ಮತಾಧಿಕಾರವನ್ನು ಸ್ಪಷ್ಟವಾಗಿ ಹೇಳಿರುವಾಗ, ಅದನ್ನು ಶಾಸನದ ಕೊಡುಗೆಯೆಂದು ಕರೆಯುವುದು ನಮ್ಮ ಅಲ್ಪಮತಿಗೆ ಹಿಡಿಸದು. ಪ್ರಜೆಯು ದಾನಿಯೆಂದು ಶಬ್ದವು ಹೇಳುತ್ತದೆ, ಪ್ರಜೆಯೇ ದಾನ ಪಡೆದವನೆಂದು ತೀರ್ಪು ಹೇಳುತ್ತದೆ. ಇದು ಬರಿಯ ತರ್ಕವಲ್ಲ. 1951ರ ಪ್ರಜಾಪ್ರಾತಿನಿಧ್ಯ ಶಾಸನದ 62ನೆಯ ಪ್ರಕರಣದಂತೆ ಸೆರೆಮನೆಯಲ್ಲಿರುವವನು, ಅಪರಾಧವು ಇನ್ನೂ ಸಿದ್ಧವಾಗದ ವಿಚಾರಣಾಧೀನನಾದರೂ, ಮತ ನೀಡುವಂತಿಲ್ಲ. 1997ರಲ್ಲಿ ನ್ಯಾಯಾಲಯವು ಅದನ್ನು ಎತ್ತಿಹಿಡಿದಿದೆ.

ಅಮೆರಿಕದಲ್ಲಿ ಇದೇ ಹಕ್ಕಿಗೆ ಒದಗಿದ ಕಥೆಯನ್ನು ಶಿಕ್ಷಕರಾದ ನಾವು ತಲೆತಗ್ಗಿಸದೆ ಓದಲಾರೆವು. ಜನಾಂಗದ ಕಾರಣದಿಂದ ಮತಾಧಿಕಾರವನ್ನು ತಪ್ಪಿಸಕೂಡದೆಂದು ಅಲ್ಲಿನ ಸಂವಿಧಾನದ 15ನೆಯ ತಿದ್ದುಪಡಿಯು 1870ರಲ್ಲೇ ಹೇಳಿತ್ತು. ದಕ್ಷಿಣದ ರಾಜ್ಯಗಳು ಏನು ಮಾಡಿದವು? ಓದುಬರಹದ ಪರೀಕ್ಷೆಯನ್ನಿಟ್ಟವು! ಸಂವಿಧಾನದ ಒಂದು ಭಾಗವನ್ನು ಓದಿ ಅರ್ಥ ಹೇಳೆಂದು ನೀಗ್ರೋ ಪ್ರಜೆಯನ್ನು ಕೇಳುವುದು. ಉತ್ತರವು ಸರಿಯೋ ತಪ್ಪೋ ಬಿಳಿಯ ಅಧಿಕಾರಿಯ ಇಚ್ಛೆ. ನಮ್ಮ ಪ್ರಶ್ನೆಪತ್ರಿಕೆಯೇ ಅಲ್ಲಿ ಬೇಲಿಯ ಮುಳ್ಳಾಯಿತು. 1959ರಲ್ಲಿ ಉತ್ತರ ಕೆರೋಲಿನದ ಮೊಕದ್ದಮೆಯಲ್ಲಿ ಅಂತಹ ಪರೀಕ್ಷೆಯು ತನ್ನಷ್ಟಕ್ಕೇ ತಪ್ಪಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಅದಕ್ಕೆ ತಡೆಹಾಕಲು 1965ರ ಮತಾಧಿಕಾರ ಶಾಸನವೇ ಬರಬೇಕಾಯಿತು. ಮರುವರ್ಷ ನ್ಯಾಯಾಲಯವು ಆ ಶಾಸನವನ್ನು ಎತ್ತಿಹಿಡಿಯಿತು. 2013ರಲ್ಲಿ ಅದೇ ನ್ಯಾಯಾಲಯವು ಅದರ ಮುಖ್ಯ ರಕ್ಷಣೆಯೊಂದನ್ನು ನಿಷ್ಫಲಗೊಳಿಸಿತು.

ನಮ್ಮ ದೇಶದಲ್ಲಿ 1951ರ ಜನಗಣತಿಯಂತೆ ನೂರಕ್ಕೆ ಸುಮಾರು 18 ಜನ ಮಾತ್ರ ಅಕ್ಷರಸ್ಥರು. ಆದರೂ ಓದುಬರಹವನ್ನು ಯಾರಿಂದಲೂ ಕೇಳಲಿಲ್ಲ. ಅಕ್ಷರದ ಬದಲಿಗೆ ಚಿಹ್ನೆಯನ್ನಿಟ್ಟೆವು. ಇದರಲ್ಲಿ ನಾವು ಹೆಮ್ಮೆಪಡಬಹುದು. ಹೆಮ್ಮೆಯ ಪಕ್ಕದಲ್ಲಿ ಇನ್ನೊಂದನ್ನೂ ಬರೆದಿಡಬೇಕು: ಆ ಮೊದಲ ಪಟ್ಟಿಯಲ್ಲಿ ತಮ್ಮ ಹೆಸರನ್ನು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಹೆಚ್ಚಿನವರು ಉತ್ತರದ ರಾಜ್ಯಗಳವರು. ತನ್ನ ಹೆಸರೇ ತನ್ನದಾಗದವಳು ಯಾವುದನ್ನು ದಾನ ಮಾಡಿಯಾಳು?

‘ಮತಹಕ್ಕು’ ಎಂದು ಬರೆದರಾಗದೆ? ಸಂಸ್ಕೃತ ಶಬ್ದದೊಡನೆ ಅನ್ಯದೇಶ್ಯವನ್ನು ಕೂಡಿಸಿದ ಅರಿಸಮಾಸವೆಂದು ಪಂಡಿತರು ಆಕ್ಷೇಪಿಸಿಯಾರು, ಆಕ್ಷೇಪಿಸಲಿ. ಮೊನ್ನೆ ನಾವು ಕಪ್ಪುಹಲಗೆಯ ಮೇಲೆ ಅದನ್ನು ಬರೆದು ಸ್ವಲ್ಪ ವಿವರಿಸಿದೆವು. ಮರುದಿನ ಆ ಹುಡುಗಿಯು ತನ್ನ ಪಟ್ಟಿಯ ಐದನೆಯ ಶಬ್ದವನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ‘ರಕ್ತದಾನ’ ಎಂದು ಬರೆದುಕೊಂಡು ಬಂದಿದ್ದಳು.