ಸುದ್ದಿಯ ಮೂಲವೂ ಸಂಖ್ಯೆಯ ಪ್ರಾಮಾಣ್ಯವೂ: ಕೋಲಾರ ಸೀಮೆಯ ಎರಡು ಪ್ರಸಂಗಗಳು

ಜನರಿಗೆ ಸುದ್ದಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ನಮ್ಮ ಪಠ್ಯಗ್ರಂಥಗಳು ಸಾಮಾನ್ಯವಾಗಿ ಒಂದು ಸಿದ್ಧೋತ್ತರವನ್ನು ಕೊಡುತ್ತವೆ. ಮೊದಲು ವದಂತಿಯ ಕಾಲ, 1843ರಲ್ಲಿ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಂದಿನಿಂದ ಪತ್ರಿಕೆಯ ಕಾಲ, ಅನಂತರ ಆಕಾಶವಾಣಿಯ ಕಾಲ, ದೂರದರ್ಶನದ ಕಾಲ, ಈಗ ಮೊಬೈಲಿನ ಕಾಲ. ಒಂದೊಂದು ಮೆಟ್ಟಿಲನ್ನು ಏರಿದಂತೆಲ್ಲ ಜನರ ತಿಳಿವಳಿಕೆ ಹೆಚ್ಚು ನಿಷ್ಕೃಷ್ಟವಾಗುತ್ತ ಬಂದಿತೆಂಬುದು ಈ ಉತ್ತರದ ಒಳಗಣ ನಂಬಿಕೆ. ಈ ನಂಬಿಕೆಯನ್ನು ಕೋಲಾರ ಸೀಮೆಯ ಎರಡು ಪ್ರಸಂಗಗಳ ಒರೆಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಅಚ್ಚಾದದ್ದು ಸಾಕ್ಷ್ಯ, ಬಾಯಿಂದ ಬಂದದ್ದು ವದಂತಿ ಎಂಬ ವಿಭಾಗವು ಇತಿಹಾಸದ ವಿದ್ಯಾರ್ಥಿಗೆ ಸಾಲದೆಂದು ನಾವು ಭಾವಿಸುತ್ತೇವೆ.

ಮೊದಲು ಈ ಸೀಮೆಯ ಸ್ಥಿತಿಯನ್ನು ಕುರಿತು ಎರಡು ಮಾತು. ಕೋಲಾರ ತಾಲ್ಲೂಕಿನ ಹೋಳೂರು ಹೋಬಳಿಯಿಂದ ಹೊರಟು ಶ್ರೀನಿವಾಸಪುರ, ಮುಳಬಾಗಿಲುಗಳ ಮಾರ್ಗವಾಗಿ ಆಂಧ್ರದ ಗಡಿಯತ್ತ ಸಾಗಿದಂತೆ, ಮನೆಯ ಮಾತು ತೆಲುಗು, ಓದುಬರಹದ ಮಾತು ಕನ್ನಡ ಎಂಬ ಕುಟುಂಬಗಳು ಹೆಚ್ಚುತ್ತ ಹೋಗುತ್ತವೆ. ಇಲ್ಲಿ ಕನ್ನಡದಲ್ಲಿ ಅಚ್ಚಾದ ಸುದ್ದಿಯು ಬಹುಕಾಲ ಒಬ್ಬ ಓದುಬಲ್ಲವನ ಬಾಯಿಂದ ತೆಲುಗಾಗಿ ಅರಳೀಕಟ್ಟೆಯಲ್ಲಿಯೋ ಟೀ ಅಂಗಡಿಯಲ್ಲಿಯೋ ಕೇಳುವವರನ್ನು ಮುಟ್ಟುತ್ತಿತ್ತು. ಹಾಗೆ ಓದಿ ಹೇಳುವವನು ಕೇವಲ ವಾಚಕನಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಿರ್ಣಯಿಸುವ ಎರಡನೆಯ ಸಂಪಾದಕನೂ ಅವನೇ. ಪತ್ರಿಕಾವೃತ್ತಿಗೆ ಘನತೆಯನ್ನು ತಂದುಕೊಟ್ಟು ‘ವೃತ್ತಪತ್ರಿಕೆ’ ಎಂಬ ಗ್ರಂಥವನ್ನೇ ಬರೆದ ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ; ‘ಜೀವನ’ ಮಾಸಪತ್ರಿಕೆಯನ್ನು ನಡೆಸಿದ ಮಾಸ್ತಿಯವರು ಮಾಲೂರು ಸೀಮೆಯವರು. ಪತ್ರಿಕೆಗೆ ಇಂಥ ಹಿರಿಯರನ್ನು ಕೊಟ್ಟ ನಾಡಿನಲ್ಲಿಯೇ ಬಹುಮಂದಿಗೆ ಪತ್ರಿಕೆಯು ಕಿವಿಯ ವಸ್ತುವಾಗಿತ್ತೆಂಬುದು ಗಮನಾರ್ಹ.

ಸರ್ಕಾರದ ಸುದ್ದಿಯೂ ಹೀಗೆಯೇ. ಕಂದಾಯದ ಗಡುವನ್ನಾಗಲಿ ಅಧಿಕಾರಿಯ ಆಗಮನವನ್ನಾಗಲಿ ತೋಟಿಯು ತಮಟೆ ಬಾರಿಸಿ ಸಾರುತ್ತಿದ್ದನು. ಸಾರುವ ಕೆಲಸ ಅವನದು. ಸಾರಬೇಕಾದ ಮಾತು ಮಾತ್ರ ಎಂದೂ ಅವನದಲ್ಲ. ಅವನ ಕೇರಿಗೆ ಸಂಬಂಧಪಟ್ಟ ಸಂಗತಿಯೊಂದು ಆ ತಮಟೆಯಿಂದ ಊರಿಗೆಲ್ಲ ತಿಳಿದ ಸಂದರ್ಭಗಳು ವಿರಳವಾಗಿರಬೇಕು. ಸುದ್ದಿಯನ್ನು ಹೊರುವವರು ಯಾರು, ಹೊರಿಸುವವರು ಯಾರು ಎಂಬ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಮೊದಲನೆಯ ಪ್ರಸಂಗ ವಿದುರಾಶ್ವತ್ಥದ್ದು. ಗೌರಿಬಿದನೂರು ತಾಲ್ಲೂಕಿನ ಈ ಕ್ಷೇತ್ರವು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚಿತವಾಗುವವರೆಗೆ ಕೋಲಾರ ಜಿಲ್ಲೆಗೇ ಸೇರಿತ್ತು. 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದ ಕೆಲವೇ ದಿನಗಳಲ್ಲಿ, ಅದೇ ತಿಂಗಳ 25ರಂದು, ಇಲ್ಲಿ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂಬುದು ಸರ್ಕಾರದ ಲೆಕ್ಕ. 32 ಎಂಬುದು ಜನರ ಲೆಕ್ಕ. ಈ ಎರಡು ಸಂಖ್ಯೆಗಳೂ ಇಂದಿಗೂ ಪುಸ್ತಕಗಳಲ್ಲಿ ಅಕ್ಕಪಕ್ಕದಲ್ಲಿಯೇ ಇವೆ. ಎಷ್ಟೋ ಸಲ ನಾವೂ ತರಗತಿಯಲ್ಲಿ ಅವೆರಡನ್ನೂ ಹೇಳಿ ಮುಂದಿನ ಪಾಠಕ್ಕೆ ಹೋಗಿದ್ದೇವೆಂಬುದನ್ನು ಒಪ್ಪಿಕೊಳ್ಳಬೇಕು.

ಆದರೆ ಎರಡೂ ಸಂಖ್ಯೆಗಳನ್ನು ಹೇಳಿದ ಮಾತ್ರಕ್ಕೆ ವಿಮರ್ಶೆಯಾಗಲಿಲ್ಲ. ಅವು ಹುಟ್ಟಿದ ಬಗೆಯನ್ನು ವಿಚಾರಿಸಬೇಕು. ಮೈಸೂರು ಸಂಸ್ಥಾನದಲ್ಲಿ 1908ರ ವೃತ್ತಪತ್ರಿಕಾ ಶಾಸನವು ಪತ್ರಿಕೆಗಳನ್ನು ಸರ್ಕಾರದ ಅಂಕೆಗೆ ಒಳಪಡಿಸಿತ್ತು. ಗುಂಡು ಹಾರಿಸಿದವರೂ ಸತ್ತವರನ್ನು ಎಣಿಸಿದವರೂ ಒಂದೇ ಆಡಳಿತಕ್ಕೆ ಸೇರಿದವರು. ಸ್ಥಳದಲ್ಲಿ ಸಿಕ್ಕ ಹೆಣಗಳನ್ನು ಎಣಿಸಿದರೆ ಒಂದು ಸಂಖ್ಯೆ ಬರುತ್ತದೆ. ಗಾಯಗೊಂಡು ಊರು ಸೇರಿ ಆಮೇಲೆ ತೀರಿಕೊಂಡವರನ್ನು ಸೇರಿಸಿದರೆ ಇನ್ನೊಂದು. ವಿದುರಾಶ್ವತ್ಥವು ಗಡಿಯ ಕ್ಷೇತ್ರ. ಹತ್ತಿರದ ಹಿಂದೂಪುರ ಆಗ ಮದ್ರಾಸು ಪ್ರಾಂತ್ಯದ್ದು. ಮೈಸೂರಿನ ಶಾಸನ ಅಲ್ಲಿ ನಡೆಯುತ್ತಿರಲಿಲ್ಲ. ಅಲ್ಲಿಂದ ಚದರಿದ ಜನರು ತಂತಮ್ಮ ಹಳ್ಳಿಗಳಿಗೆ ಒಯ್ದ ಸುದ್ದಿಯನ್ನು ಯಾವ ಪರವಾನಗಿಯೂ ತಡೆಯುವಂತಿರಲಿಲ್ಲ. ಸುದ್ದಿ ದೇಶವ್ಯಾಪಿಯಾಯಿತು, ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಗಿ ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಲು ಅವಕಾಶ ದೊರೆಯಿತು. ಕಿವಿಯಿಂದ ಕಿವಿಗೆ ನಡೆದ ಸುದ್ದಿಯ ಪಾಲು ಇದರಲ್ಲಿ ಇಲ್ಲವೆನ್ನಲಾಗದು.

ಇಷ್ಟರಿಂದ 32 ಸತ್ಯ, 10 ಸುಳ್ಳು ಎಂದು ತೀರ್ಮಾನಿಸುವುದೂ ಆತುರವೇ. ಜನಸ್ಮೃತಿಗೂ ತನ್ನದೇ ಆದ ಒಲವುಗಳುಂಟು. ನಾವು ಹೇಳುವುದು ಇಷ್ಟೆ: ಕಡತದಲ್ಲಿದೆಯೆಂಬ ಒಂದೇ ಕಾರಣಕ್ಕಾಗಿ 10ಕ್ಕೆ ‘ಅಧಿಕೃತ’ವೆಂಬ ಮಾನವನ್ನೂ, ಬಾಯಲ್ಲಿದೆಯೆಂಬ ಒಂದೇ ಕಾರಣಕ್ಕಾಗಿ 32ಕ್ಕೆ ‘ಎನ್ನಲಾಗುತ್ತದೆ’ ಎಂಬ ಬಾಲವನ್ನೂ ಅಂಟಿಸುವುದು ನ್ಯಾಯವಲ್ಲ. ಎರಡರ ನಡುವೆ 22 ಜನರಿದ್ದಾರೆ. ಅವರು ಇದ್ದರೋ ಇಲ್ಲವೋ ಎಂಬುದು ಶೈಲಿಯ ಪ್ರಶ್ನೆಯಲ್ಲ.

ಎರಡನೆಯ ಪ್ರಸಂಗ ನಮ್ಮ ಕಾಲದ್ದು. ಇಲ್ಲಿಯೂ ಜಗಳ ಸಂಖ್ಯೆಯದೇ. ಹೋಳೂರಿನಂತೆ ಕೋಲಾರ ತಾಲ್ಲೂಕಿನದೇ ಹೋಬಳಿಯಾದ ನರಸಾಪುರದಲ್ಲಿ ವಿಸ್ಟ್ರಾನ್ ಕಂಪೆನಿಯ ಐಫೋನ್ ಕಾರ್ಖಾನೆಯಿತ್ತು. 2023ರಲ್ಲಿ ಅದು ಟಾಟಾ ಸಂಸ್ಥೆಯ ಕೈಸೇರಿತು. 2020ರ ಡಿಸೆಂಬರ್ 12ರಂದು ಸಂಬಳದ ಬಾಕಿಯ ವಿಷಯವಾಗಿ ಕೆರಳಿದ ಕಾರ್ಮಿಕರು ಅಲ್ಲಿ ಗಾಜುಗಳನ್ನೂ ಯಂತ್ರಗಳನ್ನೂ ಒಡೆದರು. ಕಂಪೆನಿಯ ಪರವಾಗಿ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟವು 437 ಕೋಟಿ ರೂಪಾಯಿ ಎಂದಿತ್ತು. ಆ ಅಂಕಿ ತಡವಿಲ್ಲದೆ ಪತ್ರಿಕೆ, ಟಿವಿ, ಮೊಬೈಲುಗಳಲ್ಲಿ ಹರಡಿತು. ಕೆಲವೇ ದಿನಗಳಲ್ಲಿ ಕಂಪೆನಿಯೇ ತೈವಾನಿನ ಷೇರುಪೇಟೆಗೆ ಕೊಟ್ಟ ಅಂದಾಜು ನಮ್ಮ ಹಣದಲ್ಲಿ ಸುಮಾರು 26ರಿಂದ 52 ಕೋಟಿ. ಅಲ್ಪಕಾಲದಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತೆಂದೂ ಅದಕ್ಕೆ ತಕ್ಕ ವ್ಯವಸ್ಥೆ ಇರಲಿಲ್ಲವೆಂದೂ ರಾಜ್ಯದ ಕಾರ್ಖಾನೆಗಳ ಇಲಾಖೆಯ ಪರಿಶೀಲನೆ ತೋರಿಸಿತು. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲದಲ್ಲಿ ಸಂದಿರಲಿಲ್ಲವೆಂದು ಕಂಪೆನಿಯೂ ಒಪ್ಪಿಕೊಂಡಿತು.

ಒಡೆದದ್ದು ಸರಿಯೆಂದು ನಾವು ವಾದಿಸುತ್ತಿಲ್ಲ. ಈ ಭಾಗದ ಹಳ್ಳಿಗಳಿಂದ ಬರುವ ನಮ್ಮ ವಿದ್ಯಾರ್ಥಿಗಳನ್ನು ವಿಚಾರಿಸಿದಾಗ 437 ಎಂಬ ಅಂಕಿ ಹಲವರ ನಾಲಗೆಯ ಮೇಲಿತ್ತು. ಎರಡನೆಯ ಅಂಕಿಯನ್ನು ಬಲ್ಲವರು ನಮಗೆ ಸಿಗಲಿಲ್ಲ. ಸಂಬಳ ಸಿಗಲಿಲ್ಲವೆಂಬ ಮಾತು ಹುಡುಗರ ಬಾಯಲ್ಲಿ ಮೊದಲೇ ಇತ್ತು; ಅದು ಸುದ್ದಿಯಾದದ್ದು ಗಾಜು ಒಡೆದ ಮೇಲೆ. 1938ರಲ್ಲಿ ಬರೆಯುವ ಕೈ ಸಂಖ್ಯೆಯನ್ನು ಕುಗ್ಗಿಸಿತೆಂಬ ಶಂಕೆ. 2020ರಲ್ಲಿ ಅದು ಹಿಗ್ಗಿಸಿತೆಂಬುದು ಕಂಪೆನಿಯ ಎರಡನೆಯ ಹೇಳಿಕೆಯಿಂದಲೇ ವ್ಯಕ್ತ. ಎರಡು ಸಂದರ್ಭಗಳಲ್ಲಿಯೂ ಮೊದಲ ಅಂಕಿಯನ್ನು ಕಾಗದಕ್ಕೆ ಇಳಿಸುವ ಸಾಮರ್ಥ್ಯವಿದ್ದವರು ಪ್ರಕರಣದಲ್ಲಿ ತಾವೇ ಒಂದು ಪಕ್ಷವಾಗಿದ್ದರು.

ಇದಕ್ಕೆ ಪ್ರತಿಯಾಗಿ, ಬಾಯಿಮಾತಿನ ಅಪಾಯವನ್ನು ನಾವು ಮರೆತೆವೆಂದು ಯಾರಾದರೂ ಆಕ್ಷೇಪಿಸಬಹುದು. ಮರೆತಿಲ್ಲ. 2018ರಲ್ಲಿ ಮಕ್ಕಳ ಕಳ್ಳರೆಂಬ ಮೊಬೈಲ್ ಸಂದೇಶಗಳನ್ನು ನಂಬಿದ ಗುಂಪುಗಳಿಂದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿಯೂ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿಯೂ ನಿರಪರಾಧಿಗಳು ಹತರಾದರು. ಆದಕಾರಣ ಕಿವಿಯನ್ನು ಕಣ್ಣಿಗಿಂತ ಮೇಲೆಂದು ಸಾರುವುದು ನಮ್ಮ ಉದ್ದೇಶವಲ್ಲ. ಎರಡಕ್ಕೂ ಒಂದೇ ಪರೀಕ್ಷೆ ಸಲ್ಲಬೇಕೆಂಬುದೇ ನಮ್ಮ ವಾದ.

ಆ ಪರೀಕ್ಷೆಯನ್ನು ಹೊರಗಿನಿಂದ ಕಲಿತು ಬರಬೇಕಾಗಿಯೂ ಇಲ್ಲ. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ರೈತನು 15 ಕಿಲೋ ಬಾಕ್ಸಿನ ಧಾರಣೆಯನ್ನು ಒಬ್ಬನ ಮಾತಿನಿಂದ ನಂಬುವುದಿಲ್ಲ. ಮಂಡಿಯವನನ್ನು ಕೇಳುತ್ತಾನೆ, ಬೆಳಿಗ್ಗೆ ಹರಾಜು ಕಂಡು ಬಂದ ನೆರೆಯವನನ್ನು ಕೇಳುತ್ತಾನೆ, ಗಾಡಿಯವನನ್ನು ಕೇಳುತ್ತಾನೆ. ಹೇಳುವವನಿಗೆ ಇದರಿಂದ ಏನು ಲಾಭ, ಅವನು ಕಣ್ಣಾರೆ ಕಂಡನೇ, ಯಾವ ದಿನದ ಮಾತು ಇದು ಎಂದು ತೂಗುತ್ತಾನೆ. ಇತಿಹಾಸದ ಆಕರವಿಮರ್ಶೆ ಎಂಬುದು ಇದೇ. ತನ್ನ ಬೆಳೆಯ ವಿಷಯದಲ್ಲಿ ಇಷ್ಟು ಜಾಗರೂಕನಾದವನು ಪರರ ಸಾವು, ಪರರ ಸಂಬಳಗಳ ವಿಷಯದಲ್ಲಿ ಮೊದಲ ಅಂಕಿಗೇ ತೃಪ್ತನಾಗುತ್ತಾನೆ. ಪದವೀಧರರಾದ ನಾವೂ ಇದಕ್ಕೆ ಹೊರತಲ್ಲ.

ಈ ವಿವೇಚನೆಯಿಂದ ಒಂದು ಕೆಲಸವಾದರೂ ಹುಟ್ಟಬೇಕು. ವಿದುರಾಶ್ವತ್ಥದಲ್ಲಿ ಮಡಿದವರನ್ನು ಸಂಖ್ಯೆಯಿಂದ ಹುಡುಕುವುದನ್ನು ಬಿಟ್ಟು ಊರಿನಿಂದ ಹುಡುಕಬೇಕು. ಸುತ್ತಣ ಹಳ್ಳಿಗಳ 1938ರ ಮರಣದ ದಾಖಲೆಗಳು ಉಳಿದಿದ್ದರೆ ಅವನ್ನು ನೋಡಬೇಕು; ಮನೆತನಗಳಲ್ಲಿ ಉಳಿದ ಮಾತನ್ನು, ತೆಲುಗಿನಲ್ಲಿದ್ದರೆ ತೆಲುಗಿನಲ್ಲಿಯೇ, ಬರೆದುಕೊಳ್ಳಬೇಕು; ಎರಡನ್ನೂ ಹೆಸರು ಹೆಸರಾಗಿ ಹೋಲಿಸಬೇಕು. ನರಸಾಪುರದ ಕಾರ್ಮಿಕರ ಮಾತನ್ನೂ ಅವರು ಮರೆಯುವ ಮೊದಲೇ ಹೀಗೆ ಬರೆದಿಡುವುದು ಒಳಿತು. ಗಡಿನಾಡಿನ ಎರಡು ಭಾಷೆಗಳನ್ನೂ ಬಲ್ಲ ನಮ್ಮ ವಿದ್ಯಾರ್ಥಿಗಳು ಈ ಕೆಲಸಕ್ಕೆ ಬೇರೆಲ್ಲರಿಗಿಂತ ಅರ್ಹರು. ವಿಭಾಗವು ಇದನ್ನು ಕೈಗೆತ್ತಿಕೊಳ್ಳಬೇಕೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ.