ತೋಟ ನೋಡಿಕೊಂಡವರು ಯಾರು?

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಓದಿದವರೆಲ್ಲ ಹಾರುವ ಓತಿಯ ಬೆನ್ನುಹತ್ತಿ ಘಟ್ಟದ ಕಾಡನ್ನು ಹೊಕ್ಕವರೇ. ಅದು ಕಣಿವೆಗೆ ತೇಲಿ ಮರೆಯಾದಾಗ ಮೈಮರೆತವರೇ. ಈಚೆಗೆ ಮತ್ತೊಮ್ಮೆ ಓದುವಾಗ ನನಗೊಂದು ಲೌಕಿಕ ಪ್ರಶ್ನೆ ಎದುರಾಯಿತು: ಕಥೆ ಹೇಳುವಾತ ಬೇಸಾಯಗಾರನಲ್ಲವೆ? ಆತ ಕಾಡಿನಲ್ಲಿದ್ದಷ್ಟು ದಿನ ಮನೆ, ಜಮೀನು ನೋಡಿಕೊಂಡವರು ಯಾರು?

ಉತ್ತರಹಳ್ಳಿಯ ನಮ್ಮ ಬೀದಿಯಲ್ಲಿ ಗಂಡಹೆಂಡಿರು ಕೂಡಿ ನಡೆಸುವ ಅಂಗಡಿಗಳಿವೆ. ಯಜಮಾನರು ಪರಊರಿಗೆ ಹೋದ ದಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು ಯಾರೆಂದು ಗಿರಾಕಿಗಳೆಲ್ಲರಿಗೂ ಗೊತ್ತು. ವಿಮರ್ಶಕರಾದ ನಮಗೆ ಮಾತ್ರ ಮರೆವು.

ಕಾಫಿ ತೋಟವೂ ಒಂದು ವ್ಯವಹಾರವೇ. ಹೂಮಳೆ, ಕೊಯ್ಲು, ಆಳುಗಳ ಬಟವಾಡೆ ಇವು ಹಕ್ಕಿಯ ಚಿತ್ರ ತೆಗೆಯಲು ಹೋದವರಿಗಾಗಿ ಕಾಯುವುದಿಲ್ಲ. ತೇಜಸ್ವಿಯವರು ಮೂಡಿಗೆರೆಯ ಕಾಡುಮೇಡು ಅಲೆದರು; ಅಂಡಮಾನಿಗೂ ಹೋಗಿ ಬಂದು ಬರೆದರು. ಈ ಅಲೆದಾಟದ ಇನ್ನೊಂದು ಮಗ್ಗುಲನ್ನು ತಿಳಿಯಬೇಕಾದರೆ ಶ್ರೀಮತಿ ರಾಜೇಶ್ವರಿ ತೇಜಸ್ವಿಯವರ ‘ನನ್ನ ತೇಜಸ್ವಿ’ಯನ್ನು ಓದಬೇಕು. ತತ್ತ್ವಶಾಸ್ತ್ರ ಓದಿ, 1966ರಲ್ಲಿ ಮದುವೆಯಾಗಿ, ತೋಟದ ಬಾಳಿಗೆ ಬಂದವರ ಬರಹವದು. ಶೈಲಿ ಸರಳ, ಆಡಂಬರವಿಲ್ಲ. ನನ್ನ ಆಕ್ಷೇಪಣೆ ಒಂದೇ: ಹೆಸರಿಗೆ ತಕ್ಕಂತೆ ಮಾತೆಲ್ಲ ಪತಿಯ ಕಡೆಗೇ ಹರಿಯುತ್ತದೆ, ಲೇಖಕಿಯ ಸ್ವಂತ ದುಡಿಮೆಯನ್ನು ಓದುಗರೇ ಅಲ್ಲಲ್ಲಿ ಹೆಕ್ಕಿಕೊಳ್ಳಬೇಕು. ಆದರೆ ಹಾಗೆ ಹೆಕ್ಕಿದ್ದೇ ಒಂದು ರಾಶಿಯಾಗುತ್ತದೆ.

2007ರಲ್ಲಿ ತೇಜಸ್ವಿಯವರು ತೀರಿಕೊಂಡರು, 2021ರಲ್ಲಿ ರಾಜೇಶ್ವರಿಯವರೂ. ಇನ್ನು ಕೇಳಿ ತಿಳಿಯುವಂತಿಲ್ಲ, ಓದಿ ತಿಳಿಯಬೇಕು. ಹದಿನೈದು ವರ್ಷ ತರಗತಿಯಲ್ಲಿ ‘ಕರ್ವಾಲೊ’ ಕುರಿತು ಮಾತನಾಡಿದ ನಾನು ಓತಿ ಎಲ್ಲಿ ಹೋಯಿತೆಂದು ಕೇಳುತ್ತಿದ್ದೆನೇ ಹೊರತು, ತೋಟ ಏನಾಯಿತೆಂದು ಒಮ್ಮೆಯೂ ಕೇಳಿದವನಲ್ಲ. ಈ ವರ್ಷ ಕೇಳುತ್ತೇನೆ.